ಕಿಕ್ಕೇರಿಯಲ್ಲಿ ಬಾಡಿಗೆ ಮನೆ ಸಿಕ್ಕಿದ್ದು

ಯಜಮಾನರಿಗೆ ಕಿಕ್ಕೇರಿಯ ಶಾಲೆಗೆ ವರ್ಗವಾದಾಗ ಕೂಸಿನೊಂದಿಗೆ ಛತ್ರದಲ್ಲಿ ಇಳಿದೆವು. ಊರಲ್ಲಿ ಖಾಲಿಯಿದ್ದ ಒಂದು ಮನೆಯನ್ನು ಬಾಡಿಗೆಗೆ ಕೇಳಿದ್ದಕ್ಕೆ ಅದರ ಒಡತಿ, “ಯೋಚ್ನೆ ಮಾಡಿ ಯೋಳ್ತೀನಿ” ಎಂದಿದ್ದರು. ವಾರ ಕಳೆದರೂ ಸುದ್ದಿಯಿಲ್ಲ. ಹಿಂದೆ ನಾಗಮಂಗಲದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಕೂಸಿನ ಅಳುವಿಗೆ ಬೇಸತ್ತಿದ್ದರು. ಅದು ಈಕೆಯ ಕಿವಿಗೂ ಬಿತ್ತೇನೋ ಎಂದು ನನಗೆ ದಿಗಿಲು.

ಒಂದು ಬೆಳಿಗ್ಗೆ ಆಕೆಯೇ ಛತ್ರಕ್ಕೆ ಬಂದರು. ಕೂಸು ಕಿರುಚಾಡುತ್ತಿತ್ತು. ಮನೆ ಕೈತಪ್ಪಿತು ಅಂದುಕೊಂಡೆ. ಆಕೆ ಅದನ್ನು ಮಡಿಲಿಗೆ ಹಾಕಿಕೊಂಡು, ನನ್ನಿಂದ ಹರಳೆಣ್ಣೆ ಇಸಿದುಕೊಂಡು ಹೊಟ್ಟೆ ನೀವಿದರು. ಕೂಸು ಸುಮ್ಮನಾಯಿತು.

“ರಾತ್ರಿಯೆಲ್ಲ ಹೀಗೇ ಅಳ್ತಾನಮ್ಮ,” ಎಂದು ನಾನೇ ಹೇಳಿಬಿಟ್ಟೆ.

“ಅಳ್ಲಿ ಬುಡವ್ವ. ನನ್ ಮಕ್ಳೂ ಅಲ್ಲೇ ಅತ್ತು ಬೆಳುದ್ವು, ಗೋಡೆ ಏನೂ ಬೀಳ್ನಿಲ್ಲ. ಸುಣ್ಣ ಬಳಿಸ್ತಿದ್ದೆ, ಅದ್ಕೇ ತಡವಾಯ್ತು.”

ಅಂದು ಸಂಜೆಯೇ ಹಸಿ ಸುಣ್ಣದ ವಾಸನೆಯ ಆ ಮನೆಯಲ್ಲಿ ಹಾಲು ಉಕ್ಕಿಸಿದೆ.