ತಣ್ಣನೆಯ ಎಂಜಿನ್ನು ಮಾತಾಡುವ ಹೊತ್ತು

ಪೂರ್ತಿ ಉರಿಯದೆ ಹೊರಬಿದ್ದ ಪೆಟ್ರೋಲಿನ ವಾಸನೆಗೆ ಬೆಳಗಿನ ಮಂಜು ಸೇರಿದರೆ ಸಾಕು, ಮದ್ದೂರಿನ ನಮ್ಮ ಮನೆಯ ಅಂಗಳ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಈ ಚಳಿಗಾಲದಲ್ಲಿ ಅದು ದಿನವೂ ಬಂದು ನಿಂತಿತು. ಮಂಡ್ಯದಲ್ಲಿ ನನ್ನ ಮನೆಯ ಮುಂದೆ ಇರುವ ಅಪ್ಪನ ಹಳೆಯ ಕಾರು ದಿನವೂ ಬೆಳಿಗ್ಗೆ ಕೆಮ್ಮುತ್ತಿದ್ದುದೇ ಅದಕ್ಕೆ ಕಾರಣ. ಕೀಲಿ ತಿರುಗಿಸಿದ ಕೂಡಲೇ ತಗಡಿನ ಮೇಲೆ ಉಗುರು ಬಡಿದ ಹಾಗೆ ಟಿಕ್ ಟಿಕ್ ಎಂಬ ಸದ್ದು. ಅದರ ಹಿಂದೆಯೇ ಎಂಜಿನ್ನು ನಡುನಡುವೆ ಒಂದು ಏಟು ತಪ್ಪಿಸಿ, ಎಡವಿದ ಎತ್ತಿನಂತೆ ಇಡೀ ಗಾಡಿಯನ್ನು ಕುಲುಕಿಸುತ್ತಿತ್ತು. ಗ್ಯಾರೇಜಿನವರು ಅದನ್ನು ಮಿಸ್ಸಿಂಗ್ ಎನ್ನುತ್ತಾರೆ. ಸ್ವಲ್ಪ ದೂರ ಓಡಿ ಬಿಸಿಯಾಯಿತೆಂದರೆ ಸದ್ದೂ ಇಲ್ಲ, ಎಡವುವುದೂ ಇಲ್ಲ. ಇದಕ್ಕಿಂತ ರೇಗಿಸುವ ಕಾಯಿಲೆ ಬೇರೊಂದಿಲ್ಲ. ದೂರು ಹೇಳಲು ಹೋದರೆ ಸಾಕ್ಷಿಯೇ ಇರುವುದಿಲ್ಲ.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳಬೇಕು, ಕೆಟ್ಟದ್ದನ್ನು ಅಂದೇ ಸರಿಪಡಿಸಬೇಕು. ಆದರೆ ನಮ್ಮ ಮೆಕ್ಯಾನಿಕ್ ಸಿದ್ದರಾಜುವಿನ ಗ್ಯಾರೇಜು ಇರುವುದು ಊರಿನ ಆ ತುದಿಯಲ್ಲಿ. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಗಾಡಿ ಬಿಸಿಯಾಗಿ ಸಾಧುವಾಗಿರುತ್ತಿತ್ತು. ಅವನು ಬಾನೆಟ್ ಎತ್ತಿ, ಕಿವಿಗೊಟ್ಟು, "ಏನೂ ಇಲ್ವಲ್ಲಮ್ಮ, ಒಳ್ಳೆ ಒಲಿಗೆ ಮಿಸಿನ್ ಇದ್ದಂಗದೆ" ಎನ್ನುತ್ತಿದ್ದ.

"ತಣ್ಣಗಿರುವಾಗ ಬಂದು ನೋಡಪ್ಪ. ಬೆಳಿಗ್ಗೆ ಆರಕ್ಕೆ ಮನೆ ಹತ್ತಿರ ಬಾ."

"ಆರಕ್ಕಾ? ಆರಕ್ಕೆ ನಾನೇ ಸ್ಟಾರ್ಟ್ ಆಗಿರಕಿಲ್ಲ ಕಣಮ್ಮ."

ಪ್ಲಗ್ಗು ಬದಲಾಯಿತು, ವೈರು ಬದಲಾಯಿತು, ಕೆಮ್ಮು ಹೋಗಲಿಲ್ಲ. ಕೊನೆಗೆ ಒಂದು ಗುರುವಾರ ಸಂಜೆ ಕಾರನ್ನು ಅವನ ಗ್ಯಾರೇಜಿನಲ್ಲೇ ಬಿಟ್ಟು, ಬೆಳಿಗ್ಗೆ ನಾನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಕೂಡದು ಎಂದು ಹೇಳಿ ಬಂದೆ. ಶುಕ್ರವಾರ ಆಟೋ ಹಿಡಿದು ಹೋದರೆ ಕಾರು ರಸ್ತೆಯಲ್ಲಿ ನಿಂತು ಗುರುಗುಟ್ಟುತ್ತಿತ್ತು. ಒಳಗೆ ಇನ್ನೊಂದು ಗಾಡಿಗೆ ಜಾಗ ಬೇಕಾಯಿತಂತೆ, ಹೊರಗೆ ತಂದು ನಿಲ್ಲಿಸಿದನಂತೆ. ಜೊತೆಗೆ ಎಂಜಿನ್ನಿನಿಂದ ಚಕ್ರದವರೆಗೆ ಪೈಪಿನಲ್ಲಿ ನೀರು ಹೊಡೆದು ಫಳಫಳ ಮಾಡಿದ್ದ. "ನೀರ್ ಸರ್ವೀಸೂ ಮಾಡಿವ್ನಿ, ದುಡ್ ಬ್ಯಾಡ" ಎಂದ. ನಾನು ಹಲ್ಲು ಕಚ್ಚಿಕೊಂಡು ಕಾರು ಹತ್ತಿದೆ.

ಇಷ್ಟು ಸಿಟ್ಟಿಗೆ ಕಾರಣವಿತ್ತು. ಕಾರಿನ ನೋಂದಣಿ ಕಾಗದ ಇರುವುದು ಮಳವಳ್ಳಿಯಲ್ಲಿರುವ ನನ್ನ ತಮ್ಮ ರಾಜುವಿನ ಹೆಸರಿನಲ್ಲಿ. ಅದರ ಅವಧಿ ಮುಗಿಯುತ್ತ ಬಂದಿತ್ತು. ಹಿಂದಿನ ತಿಂಗಳು ಅವನನ್ನು ಕೂರಿಸಿಕೊಂಡು ಹೊರಟಾಗ ಕಾರು ಗೇಟು ದಾಟುತ್ತಲೇ ಎಡವಿ ನಡುರಸ್ತೆಯಲ್ಲಿ ನಿಂತಿತ್ತು. ಹಿಂದಿದ್ದ ಬಸ್ಸಿನವನು ಬೈದ ಬೈಗುಳದ ಉರಿ ಅವನಿಗೆ ಇನ್ನೂ ಆರಿರಲಿಲ್ಲ. ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ: "ಸೋಮವಾರ ಮೊದಲ್ನೇ ಬಸ್ಗೆ ಬತ್ತೀನಿ ಕಣಕ್ಕ. ನನ್ ಮುಂದೆ ನೆಟ್ಟಗೆ ಸ್ಟಾರ್ಟ್ ಆದ್ರೆ ರಿನ್ಯೂವಲ್‌ಗೆ ಸೈನ್ ಹಾಕ್ತೀನಿ. ಕೆಮ್ತೋ, ಗುಜ್ರಿಗೆ ಕೊಟ್ಬುಡಾನ." ಮದ್ದೂರಿನ ಮನೆ ರಸ್ತೆ ಅಗಲವಾಗುವಾಗ ಹೋಯಿತು. ಅಂಗಳವಿದ್ದ ಜಾಗದ ಮೇಲೆ ಈಗ ಲಾರಿಗಳು ಓಡುತ್ತವೆ. ಆ ಮನೆಯದೆಂದು ಉಳಿದದ್ದು ಈ ಕಾರು, ಅದರೊಳಗಿದ್ದ ಅಪ್ಪನ ಒಂದೆರಡು ಸಾಮಾನು ಮತ್ತು ನಾವಿಬ್ಬರು.

ಅಪ್ಪ ಡಾಕ್ಟರು. ದಿನವೂ ಬೆಳಿಗ್ಗೆ ಕೊಪ್ಪದ ಕಡೆಯ ಹಳ್ಳಿಗಳಿಗೆ ಹೋಗಿ, ಮಲಗಿದಲ್ಲೇ ಇರುವ ರೋಗಿಗಳನ್ನು ನೋಡಿ ಬರುತ್ತಿದ್ದರು. ಹೊರಡುವ ಮೊದಲಿನ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಬಂಡೂರಿನ ರೋಗಿಯೊಬ್ಬರು ಕೊಟ್ಟ ಕರಿ ಕಂಬಳಿ ರಾತ್ರಿಯೆಲ್ಲ ಬಾನೆಟ್ಟಿನ ಮೇಲಿರುತ್ತಿತ್ತು. ಅದನ್ನು ತೆಗೆದು, ಮಡಿಸಿ, ಜಗಲಿಯ ಮೇಲೆ ಇಟ್ಟು, ಚೋಕ್ ಎಳೆದು ಕೀಲಿ ತಿರುಗಿಸಿ, ಆಮೇಲೆ ಕೊರಳಿನ ಸ್ಟೆತಾಸ್ಕೋಪನ್ನು ಕಿವಿಗಿಟ್ಟುಕೊಂಡು ಎಂಜಿನ್ನಿನ ಮೇಲೆ ಬಾಗುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಅಮ್ಮ ರುಬ್ಬುವ ಕಲ್ಲಿನ ಮೇಲೆ ಕೈ ನಿಲ್ಲಿಸಿ, ಬೆರಳಿನಿಂದ ಹಿಟ್ಟು ಇಳಿಯುತ್ತಿದ್ದರೂ ಹಾಗೇ ಕೂತಿರುತ್ತಿದ್ದಳು. ಹಾಲಿನವನು ಗೇಟಿನಲ್ಲೇ ಕ್ಯಾನು ಹಿಡಿದು ನಿಲ್ಲುತ್ತಿದ್ದ. ನಾನು ಅರ್ಧ ಹೆಣೆದ ಜಡೆ ಹಿಡಿದುಕೊಂಡು ನಿಂತಿರುತ್ತಿದ್ದೆ. ರಾಜು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದ. "ತಣ್ಣಗಿರುವಾಗ ಮಾತ್ರ ಎಂಜಿನ್ನು ನಿಜ ಹೇಳುತ್ತೆ" ಎಂದು ಅಪ್ಪ ನಮಗೆ ಹೇಳಿದ್ದರು, "ಬಿಸಿಯಾದ ಮೇಲೆ ಎಲ್ಲ ಸರಿ ಇದೆ ಅಂತ ಸುಳ್ಳು ಹೇಳೋಕೆ ಶುರು ಮಾಡುತ್ತೆ." ಕೇಳಿ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿ, ಸ್ಟೆತಾಸ್ಕೋಪನ್ನು ಕೊರಳಿಗಿಳಿಸಿ, "ಇನ್ನು ಮಾತಾಡಬಹುದು" ಎನ್ನುತ್ತಿದ್ದರು. ಕಟ್ಟೆ ಒಡೆದ ಹಾಗೆ ಇಡೀ ಮನೆ ಒಮ್ಮೆಲೇ ಮಾತಾಡುತ್ತಿತ್ತು. ಕಲ್ಲು ತಿರುಗುತ್ತಿತ್ತು, ಕ್ಯಾನಿನ ಮುಚ್ಚಳ ಸದ್ದು ಮಾಡುತ್ತಿತ್ತು. ಎಲ್ಲರಿಗಿಂತ ಮೊದಲ ಮಾತು ರಾಜುವಿನದೇ. ಅಷ್ಟು ಹೊತ್ತು ಬಾಯಲ್ಲಿ ತಡೆದಿಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಡುತ್ತಿದ್ದ.

ಈ ಕಟ್ಟಳೆಗೆ ಸಿಗದವಳು ಪುಟ್ಟತ್ತೆ ಒಬ್ಬಳೇ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದಳು. ಸ್ಟೆತಾಸ್ಕೋಪು ಎಂಜಿನ್ನಿಗೆ ಮುಟ್ಟುತ್ತಿದ್ದಂತೆ ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು: "ಅದ್ಕೂ ಸೀತ ಆಗದೆ ಕಣ್ಲಾ, ಒಸಿ ಸುಂಟಿ ಕಸಾಯ ಉಯ್ಯಿ. ಡಾಕ್ಟ್ರು ಮನೆ ಕಾರ್ಗೇ ಕೆಮ್ಮು ವಾಸಿ ಆಗ್ನಿಲ್ಲ ಅಂದ್ರೆ ಊರ್ನೋರು ಏನಂದಾರು?" ಅಪ್ಪ ಕೈಯೆತ್ತಿ ಸುಮ್ಮನಿರಿಸಲು ನೋಡುತ್ತಿದ್ದರು. ಒಮ್ಮೆ ಕಾರಿಗೆ ವಿಚಿತ್ರ ಕಾಯಿಲೆ ಬಂತು. ಶನಿವಾರ ಬೆಳಿಗ್ಗೆ ಜೋರು ಮಿಸ್ಸಿಂಗ್. ಭಾನುವಾರ ಸ್ವಲ್ಪ, ಸೋಮವಾರ ಇಲ್ಲವೇ ಇಲ್ಲ. ಅಪ್ಪ ಪ್ಲಗ್ಗು ಬಿಚ್ಚಿದರು, ಕಾರ್ಬುರೇಟರು ತೊಳೆದರು, ಊಟದ ಹೊತ್ತಿಗೂ ರೇಗಾಡಿದರು. ಕೊನೆಗೆ ಒಂದು ಶನಿವಾರ ಬೆಳಕು ಹರಿಯುವ ಮುನ್ನ ಮನೆಯ ದೀಪಗಳನ್ನೆಲ್ಲ ಆರಿಸಿ, ಕತ್ತಲಲ್ಲಿ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದರು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಕಪ್ಪು ಮುಚ್ಚಳದ ಮೇಲೆ ನೀಲಿ ಕಿಡಿ ಹುಳುವಿನಂತೆ ಹರಿದಾಡುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ಅಲ್ಲಿ, ವೈರುಗಳ ಮರೆಯಲ್ಲಿ, ಒದ್ದೆ ಅರಿಶಿನ, ಕುಂಕುಮ, ಬಾಡಿದ ದಾಸವಾಳ. ಕರೆಂಟು ಪ್ಲಗ್ಗಿಗೆ ಹೋಗದೆ ಆ ಒದ್ದೆಯ ಮೇಲೆ ಹರಿದು ಪೋಲಾಗುತ್ತಿತ್ತು. ಶುಕ್ರವಾರ ಸಂಜೆಯ ಪೂಜೆಯನ್ನು ಪುಟ್ಟತ್ತೆ ಬಾನೆಟ್ಟಿನ ಒಳಗೂ ಮಾಡುತ್ತಿದ್ದಳು.

ಅಪ್ಪ ಕೇಳಿದ್ದಕ್ಕೆ ಅವಳು ಅಳುಕಲಿಲ್ಲ. "ಅದರ ಮ್ಯಾಲಿಂದ ವೈರುಗಳು ಇಳಿಬಿದ್ದಿರಾದು ನೋಡ್ಲಾ, ಜಡೆ ಬುಟ್ಕಂಡು ಕುಂತಿರೋ ಎಣ್ಮಗಳ ತಲೆ ಇದ್ದಂಗದೆ. ಬರೀ ಅಣೇಲಿ ಬುಡಕ್ಕಾಯ್ತದಾ? ಮರ್ವಾದೆಗೆ ಮಾಡ್ದೆ." ಅಪ್ಪ ಒರೆಸುವ ಬಟ್ಟೆ ತಂದು ಮುಚ್ಚಳವನ್ನು ತಾವೇ ಒರೆಸಿದರು. ಆಮೇಲೆ ಹೊಸ ಕಟ್ಟಳೆ ಬಂತು: ಹೂವೇನಿದ್ದರೂ ಒಳಗೆ, ಡ್ಯಾಷ್‌ಬೋರ್ಡಿನ ಮೇಲೆ, ನೀರು ಎಲ್ಲೂ ಇಲ್ಲ. ಪುಟ್ಟತ್ತೆ ಬದುಕಿರುವವರೆಗೆ ಶುಕ್ರವಾರದ ದಾಸವಾಳ ಅಲ್ಲೇ ಇರುತ್ತಿತ್ತು.

ಸಿದ್ದರಾಜು ನೀರು ಹೊಡೆದ ಮಾರನೆಯ ದಿನ ಶನಿವಾರ. ಕಾರು ಹಿಂದೆಂದೂ ಇಲ್ಲದಷ್ಟು ಜೋರಾಗಿ ಎಡವಿತು. ಸೀಟಿನಲ್ಲಿ ಕೂತು ಬೈದುಕೊಳ್ಳುತ್ತಿದ್ದವಳಿಗೆ ಪುಟ್ಟತ್ತೆಯ ಶನಿವಾರಗಳು ನೆನಪಾದವು. ಇಳಿದು, ಗೇಟಿನ ದೀಪ ಆರಿಸಿ, ನಸುಗತ್ತಲಲ್ಲಿ ಬಾನೆಟ್ ಎತ್ತಿದೆ. ಅದೇ ಕಪ್ಪು ಮುಚ್ಚಳದ ಮೇಲೆ, ಕೂದಲೆಳೆಯಷ್ಟು ಸಣ್ಣ ಬಿರುಕಿನ ಉದ್ದಕ್ಕೂ ನೀಲಿ ಕಿಡಿ ಓಡುತ್ತಿತ್ತು. ದಿನವೂ ಬೀಳುವ ಮಂಜು ಆ ಬಿರುಕಿಗೆ ಇಳಿದು, ಬಿಸಿಗೆ ಆರಿಹೋಗುತ್ತಿತ್ತು. ಪೈಪಿನ ನೀರು ಅದನ್ನು ಹೆಚ್ಚು ಮಾಡಿತ್ತು. ಅಪ್ಪನ ಸ್ಟೆತಾಸ್ಕೋಪು ತಂದು ಟಿಕ್ ಟಿಕ್ ಸದ್ದನ್ನೂ ಹುಡುಕಿದೆ. ಅದು ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಕಡೆ ಸಿಕ್ಕಿತು. ಸಡಿಲವಾಗಿದ್ದ ಆ ಸಂದು ಕಬ್ಬಿಣ ಕಾದು ಹಿಗ್ಗಿದ ಮೇಲೆ ಮುಚ್ಚಿಕೊಳ್ಳುತ್ತಿತ್ತು.

ಸಿದ್ದರಾಜು ಅಂದೇ ಮುಚ್ಚಳ ಬದಲಿಸಿದ, ಸಂದಿಗೆ ಹೊಸ ಪ್ಯಾಕಿಂಗ್ ಕೊಟ್ಟು ಬೋಲ್ಟು ಬಿಗಿದ. ನೀರು ಹೊಡೆದದ್ದು ಯಾಕೆ ಎಂದು ಬೈದರೆ, "ನಿಮ್ ಗಾಡಿ ಅಂತ ಒಂದ್ ಮರ್ವಾದೆಗೆ ಮಾಡ್ದೆ ಕಣಮ್ಮ" ಎಂದ. ಅವನು ಕೇಳಿದಷ್ಟು ದುಡ್ಡು ಎಣಿಸಿ ಕೊಟ್ಟೆ. ಆ ಮಾತನ್ನು ನಾನು ಮೊದಲೇ ಒಮ್ಮೆ ಪುಟ್ಟತ್ತೆಯ ಬಾಯಲ್ಲಿ ಕೇಳಿದ್ದೆನಲ್ಲ.

ಸೋಮವಾರ ರಾಜು ಬಂದಾಗ ಇನ್ನೂ ಮಂಜು ಇತ್ತು. ಮಫ್ಲರು ಬಿಚ್ಚುತ್ತಲೇ ಶುರು ಮಾಡಿದ: "ನೋಡಕ್ಕ, ಆಮೇಲೆ ಅಳ್ಬ್ಯಾಡ, ಗುಜ್ರಿಯವ್ನಿಗೆ ಏಳಿವ್ನಿ." ನಾನು ಕೈಯೆತ್ತಿದೆ. ಸುಮ್ಮನಾದ. ರಾತ್ರಿ ಬಾನೆಟ್ಟಿಗೆ ಹೊದಿಸಿದ್ದ ಅಪ್ಪನ ಕಂಬಳಿ ತೆಗೆದು ಮಡಿಸಿಟ್ಟೆ, ಚೋಕ್ ಎಳೆದೆ, ಕೀಲಿ ತಿರುಗಿಸಿದೆ. ಎಂಜಿನ್ನು ಒಂದೇ ಸಲಕ್ಕೆ ಹಿಡಿದು, ಎಡವದೆ, ಟಿಕ್ ಎನ್ನದೆ ಒಂದೇ ಸಮನೆ ಓಡತೊಡಗಿತು. ಬಾನೆಟ್ ಎತ್ತಿ, ಸ್ಟೆತಾಸ್ಕೋಪು ಕಿವಿಗಿಟ್ಟು, ಒಂದು ಕಡೆಯೂ ಬಿಡದೆ ಕೇಳಿದೆ. ಹೆಸರಿಡಲು ಏನೂ ಸಿಗಲಿಲ್ಲ. ಬೆನ್ನು ನೆಟ್ಟಗೆ ಮಾಡಿದೆ.

"ಇನ್ನು ಮಾತಾಡಬಹುದು" ಎಂದೆ.

ರಾಜು ಬಾಯಿ ತೆರೆದ, ಹಾಗೇ ಮುಚ್ಚಿಕೊಂಡ. ಎಂಜಿನ್ನಿನ ಸದ್ದು ಎಷ್ಟು ಮೆತ್ತಗಿತ್ತೆಂದರೆ ಅದರ ಹಿಂದೆ ಅಂಗಳ ಎಷ್ಟು ಖಾಲಿಯಿದೆ ಎಂಬುದು ಕೇಳಿಸುತ್ತಿತ್ತು. ಅವನು ಕಾಂಪೌಂಡಿನ ಬಳಿ ಹೋಗಿ ಒಂದು ದಾಸವಾಳ ಕಿತ್ತು ತಂದ. ಅಂಟಿದ್ದ ಮಂಜಿನ ನೀರನ್ನು ಕೊಡವಿ, ಅಂಗಿಯ ತುದಿಯಿಂದ ತೊಟ್ಟು ಒರೆಸಿ, ತೆರೆದ ಬಾನೆಟ್ಟನ್ನು ದಾಟಿ ಬಂದು ಡ್ಯಾಷ್‌ಬೋರ್ಡಿನ ಮೇಲೆ ಇಟ್ಟ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಕಾಗದ ಕೊಡೆಂದು ಕೈ ಚಾಚಿದ.