ಸಂಘಕ್ಕೆ ಕೊಟ್ಟ ಮೆಕ್ಕೆಜೋಳ

“ವರ್ಷಾ ವರ್ಷಾ ನಮ್ಮ ಕಾಳಿನ ತೂಕ ಎಲ್ಲಿ ಕರಗತೈತಿ ಬಸಣ್ಣ?” ಎಂದು ಸಭೆಯಲ್ಲಿ ಎಲ್ಲರೆದುರೇ ಕೇಳಿಬಿಟ್ಟೆ. ಹರಪನಹಳ್ಳಿಯ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಸಹಪಾಠಿ ಬಸಣ್ಣನೇ ಖಜಾಂಚಿ. ರೈತರಾದ ನಾವು ಚಂದಾ ಬದಲು ಸುಗ್ಗಿಯಲ್ಲಿ ತಲಾ ಒಂದು ಚೀಲ ಮೆಕ್ಕೆಜೋಳ ಕೊಡುತ್ತಿದ್ದೆವು. ಅದನ್ನು ಆತ ತನ್ನ ದಲಾಲಿ ಅಂಗಡಿಯಲ್ಲಿ ಮಾರಿ ಹಣ ಜಮಾ ಮಾಡುತ್ತಿದ್ದ. ಕೊಟ್ಟ ತೂಕಕ್ಕೂ ಮಾರಿದ ತೂಕಕ್ಕೂ ಮೂರು ವರ್ಷದಿಂದ ತಾಳೆಯೇ ಇರಲಿಲ್ಲ.

ಬಸಣ್ಣ ಎದ್ದು, ಅಂದು ಬೆಳಿಗ್ಗೆ ನಾನು ತಂದಿಳಿಸಿದ್ದ ಚೀಲ ಬಿಚ್ಚಿ, ಒಂದು ಹಿಡಿ ಕಾಳನ್ನು ನನ್ನ ಅಂಗೈಗೆ ಸುರಿದ. ತಣ್ಣಗೆ, ಹಸಿಯಾಗಿತ್ತು.

“ಒಣಗಿದ್ದು ನೀವು ಮಾರಾಕ, ಹಸೇದು ಸಂಘಕ್ಕ. ಒಣಗಿದ ಮ್ಯಾಲೆ ತೂಕ ಇಳೀದ ಏರತೈತೇನಲೇ?”

ಮರುವರ್ಷ ನಾಲ್ಕು ದಿನ ಬಿಸಿಲಿಗೆ ಒಣಗಿಸಿದ ಕಾಳನ್ನೇ ಒಯ್ದೆ. ಬಸಣ್ಣ ನನ್ನ ಮುಖ ನೋಡಿದ, ಚೀಲದ ತಳಕ್ಕೆ ಕೈ ಹಾಕಿ ಒಂದು ಕಾಳು ತೆಗೆದು ಕಚ್ಚಿದ. ಕಟಕ್ಕೆಂದಿತು. ಆಮೇಲಷ್ಟೇ ರಸೀದಿ ಬರೆದ.