ಕ್ಯಾಸಿನೋ ಊರಿನಲ್ಲಿ ಗೀತಾಳ ಕೈಗುಣ

ಲಿಮೆರಿಕ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಗೀತಾ ಮುದುಕರ ಆರೈಕೆ ಮಾಡುತ್ತಾಳೆ. ಹಾಸಿಗೆಯಲ್ಲೇ ಹೇತುಕೊಂಡ ಅಜ್ಜನನ್ನು ತೊಳೆದು, ಬಟ್ಟೆ ಬದಲಿಸಿ, ‘ಈಗ ಗ್ರ್ಯಾಂಡ್, ಡೋನಲ್’ ಎಂದು ಕೆನ್ನೆ ಸವರಿ, ಕೈ ತೊಳೆದುಕೊಂಡು ಬಂದು ನಿಶ್ಚಿಂತೆಯಿಂದ ಮೊಸರನ್ನ ಉಣ್ಣಬಲ್ಲ ಹೆಂಗಸು. ಅಸಹ್ಯ ಎಂಬ ಮಾತೇ ಅವಳ ಬಾಯಲ್ಲಿ ಬಂದದ್ದಿಲ್ಲ. ಅಂಥವಳಿಗೆ ಹೇಸಿಗೆ ಹುಟ್ಟಿಸಿದ್ದು ಅವಳ ಓರಗಿತ್ತಿ ವಿಶಾಲಾಕ್ಷಿ, ಅದೂ ಹಬ್ಬದ ದಿನ.

ಹಬ್ಬ ಎಂದರೆ ಯುಗಾದಿ. ಪಂಚಾಂಗದಲ್ಲಿ ಗುರುವಾರ ಬಂದಿತ್ತು, ಆದರೆ ಇಲ್ಲಿ ರಜೆ ಕೊಡುವವರು ಯಾರು? ಐರ್ಲೆಂಡಿನಲ್ಲಿ ನಮ್ಮ ಹಬ್ಬಗಳೆಲ್ಲ ಮರ್ಯಾದೆಯಾಗಿ ಭಾನುವಾರಕ್ಕೆ ಕಾದು ನಿಲ್ಲುತ್ತವೆ. ವಿಶಾಲಾಕ್ಷಿಯ ಗಂಡ, ಗೀತಾಳ ಭಾವ ಶ್ರೀಕಂಠನವರದು ಮೈಸೂರಿನ ಮನೆತನ. ಯುಗಾದಿಗೆ ಬೇವುಬೆಲ್ಲ ಎಷ್ಟು ಮುಖ್ಯವೋ ಜೂಜೂ ಅಷ್ಟೇ ಮುಖ್ಯ ಅವರಿಗೆ. ಆವತ್ತು ಗೆದ್ದವನಿಗೆ ವರ್ಷವಿಡೀ ಗೆಲುವಂತೆ. ಊರಲ್ಲಿದ್ದಾಗ ಇಸ್ಪೀಟು ಸಾಕಿತ್ತು. ಇಲ್ಲಿಗೆ ಬಂದ ಮೇಲೆ ಅದು ಸಪ್ಪೆಯಾಯಿತು. ಶ್ಯಾನನ್ ನದಿಯನ್ನು ಫೆರಿಯಲ್ಲಿ ದಾಟಿ, ಆಚೆ ಕಡಲ ತೀರದ ಒಂದೂರಿಗೆ ಸಂಸಾರ ಸಮೇತ ಹೋಗಿಬರುವ ಪದ್ಧತಿ ಇಟ್ಟುಕೊಂಡರು. ಅಲ್ಲಿ ಬೀದಿಯುದ್ದಕ್ಕೂ ಸ್ಲಾಟ್ ಮಷಿನ್ನುಗಳ ಅಂಗಡಿಗಳಿದ್ದುದರಿಂದ ಇವರ ಬಾಯಲ್ಲಿ ಅದು ಕ್ಯಾಸಿನೋ ಊರು.

ಗೀತಾಳಿಗೆ ಇದು ಯಾವುದೂ ಬೇಕಿರಲಿಲ್ಲ. ಈ ವರ್ಷ ಮೊದಲ ಸಲ ಅವಳೂ ಹೊರಟಿದ್ದು ಒಂದು ಮಾತು ಕೇಳುವುದಕ್ಕೆ. ಮಗಳು ಮಧುಶ್ರೀಯ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಹುಡುಗ ಆಕಾಶ್, ಕಾರ್ಕ್ ನಗರದಲ್ಲಿ ಕೆಲಸ. ಧಾರೆಯ ಹೊತ್ತಿನಲ್ಲಿ ವಧೂವರರ ಜೋಡಿಸಿದ ಕೈಗಳ ಮೇಲೆ ಹೆತ್ತವರು ನೀರೆರೆದು ಮಗಳನ್ನು ಒಪ್ಪಿಸಬೇಕು. ಗೀತಾಳ ಗಂಡ ಮಂಜೇಶ್ ತೀರಿಕೊಂಡು ನಾಲ್ಕು ವರ್ಷ. ಗಂಡನಿಲ್ಲದವಳು ಧಾರೆ ಎರೆಯಬಾರದು, ತಾವು ದಂಪತಿಗಳೇ ಎರೆಯುತ್ತೇವೆ ಎಂದು ವಿಶಾಲಾಕ್ಷಿ ಗೀತಾಳನ್ನು ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದಳು. ಗೀತಾ ತನ್ನ ಮಗಳಿಗೆ ತಾನೇ ಎರೆಯಬೇಕು ಎಂದು ಆಸೆಪಟ್ಟಿದ್ದಳು. ಬೇರೇನೂ ಅಲ್ಲ, ಅಷ್ಟೇ.

ಕೇಳುವುದು ಸುಲಭವೂ ಆಗಿರಲಿಲ್ಲ. ಮಂಜೇಶ್ ಹೋದಾಗ ಆಸ್ಪತ್ರೆ, ಸಂಸ್ಕಾರ ಎಂದು ಟೊಂಕ ಕಟ್ಟಿ ನಿಂತವರು ಈ ಭಾವನೇ. ಈ ದೇಶದಲ್ಲಿ ಅವಳಿಗೆ ನಮ್ಮವರು ಎಂದು ಇದ್ದದ್ದು ಅದೊಂದೇ ಮನೆ.

ಫೆರಿಯ ಮೇಲೆ ಕಾರು ನಿಲ್ಲಿಸಿ ಎಲ್ಲರೂ ಇಳಿದರು. ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. ವಿಶಾಲಾಕ್ಷಿ ಮಗಳು ಮಾನ್ಯಾಳನ್ನು ಕರೆದುಕೊಂಡು ಸೆಲ್ಫಿಗೆ ಹೋದದ್ದನ್ನು ನೋಡಿ ಗೀತಾ ಭಾವನ ಹತ್ತಿರ ವಿಷಯ ತೆಗೆದಳು. ಅವರು ಕಂಬಿ ಹಿಡಿದು ನೀರನ್ನೇ ನೋಡಿದರು. ತಮಗೇನೂ ಅಭ್ಯಂತರವಿಲ್ಲ, ಆದರೆ ಇವೆಲ್ಲ ಹೆಂಗಸರ ಶಾಸ್ತ್ರ, ನಿಮ್ಮ ಅಕ್ಕನನ್ನೇ ಕೇಳಿ ಎಂದು ಜಾರಿಕೊಂಡರು. ಆಫೀಸಿನಲ್ಲಿ ನಲವತ್ತು ಜನರನ್ನು ಆಳುವ ಮನುಷ್ಯ! ಹೆಂಡತಿಯ ಹೆಸರೆತ್ತಿದರೆ ಬೆಣ್ಣೆಯ ಹಾಗೆ ಕರಗಿಹೋಗುತ್ತಾರೆ.

ಕ್ಯಾಸಿನೋ ಎಂದರೆ ಏನೋ ಎಂದುಕೊಂಡಿದ್ದ ಗೀತಾಳಿಗೆ ಒಳಗೆ ಕಾಲಿಟ್ಟೊಡನೆ ಮೂಗು ಮುಚ್ಚಿಕೊಳ್ಳುವಂತಾಯಿತು. ಚಪ್ಪಲಿಗೆ ಅಂಟುವ ಕಾರ್ಪೆಟ್ಟು, ಚಿಪ್ಸಿನ ಎಣ್ಣೆ, ವಿನೆಗರಿನ ಹುಳಿ, ಒದ್ದೆ ಕೋಟುಗಳ ಮುಗ್ಗಲು ವಾಸನೆ. ಮಷಿನ್ನುಗಳ ಕುಂಯ್ ಕುಂಯ್ ತಲೆಗೇರುತ್ತಿತ್ತು. ಮುಂದಿನ ಹಾಲು ಮಕ್ಕಳಿಗೆ, ಒಳಗಿನದು ದೊಡ್ಡವರಿಗೆ. ಮಧುಶ್ರೀ ತಲೆನೋವೆಂದು ಎದುರಿನ ಕಾಫಿ ಅಂಗಡಿಗೆ ಹೋದಳು. ಗೀತಾ ಓರಗಿತ್ತಿಯ ಹಿಂದೆ ಒಳಗೆ ಹೊರಟಳು.

ವಿಶಾಲಾಕ್ಷಿ ಬಾಗಿಲಲ್ಲೇ ತಡೆದಳು. ಧ್ವನಿ ತಗ್ಗಿಸಿ, ಮುಖದಲ್ಲಿ ಕನಿಕರ ತುಂಬಿಕೊಂಡು, “ವರ್ಷದ ಮೊದಲ ಕೈ ಅಲ್ವಾ ಗೀತಾ, ನೀನು ಬೇಜಾರ್ ಮಾಡ್ಕೋಬೇಡ. ಇಲ್ಲೇ ಮಾನ್ಯಾನ ನೋಡ್ಕೋತಾ ಕೂತಿರು,” ಎಂದಳು. ಎಲ್ಲರ ಕೋಟು, ಬ್ಯಾಗುಗಳನ್ನು ಅವಳ ಮಡಿಲಿಗೆ ಪೇರಿಸಿ ಹೋದಳು.

ನೋಡಿದಿರಾ ಶಾಸ್ತ್ರವನ್ನು? ಊರವರ ಎಂಜಲು ಬೆರಳು ಒತ್ತಿ ಒತ್ತಿ ಜಿಡ್ಡುಗಟ್ಟಿದ ಗುಂಡಿಗೂ ಮಡಿ, ಮೈಲಿಗೆ. ಗೀತಾ ಕೋಟುಗಳ ಗುಡ್ಡೆಯ ಹಿಂದೆ ತುಟಿ ಕಚ್ಚಿಕೊಂಡು ಕೂತಳು.

ಮಾನ್ಯಾಗೆ ಹತ್ತು ವರ್ಷ, ಹುಟ್ಟಿದ್ದು ಇಲ್ಲೇ, ಇದೊಂದೂ ಗೊತ್ತಿಲ್ಲದ ಮಗು. ಗಾಜಿನೊಳಗೆ ಚಿಲ್ಲರೆ ನಾಣ್ಯಗಳು ಅಂಚಿಗೆ ಬಂದು ಬೀಳದೆ ಸತಾಯಿಸುವ ಒಂದು ಮಷಿನ್ನಿನ ಮುಂದೆ ನಿಂತು ಸೋತು ಸುಣ್ಣವಾಗಿದ್ದಳು. ಕೊನೆಯ ನಾಣ್ಯವನ್ನು ಗೀತಾಳ ಕೈಗಿಟ್ಟು, “ಚಿಕ್ಕಮ್ಮ, ಯೂ ಡೂ ಇಟ್,” ಎಂದಳು. ಗೀತಾ ಹಾಕಿದಳು. ಒಳಗೆ ಏನೋ ಸರಿಯಿತು, ನಾಣ್ಯಗಳು ಜಲಜಲ ಸುರಿಯತೊಡಗಿದವು. ಮಾನ್ಯಾ ಕುಣಿದಾಡಿದಳು. ಗೀತಾಳಿಗೂ ನಗು ಬಂತು.

ಆ ಸದ್ದಿಗೆ ವಿಶಾಲಾಕ್ಷಿ ಹೊರಬಂದಳು. ಒಳಗೆ ಗಂಡಹೆಂಡಿರಿಬ್ಬರೂ ಸೋಲುತ್ತಿದ್ದರೆಂಬುದು ಅವಳ ಮುಖದಲ್ಲೇ ಬರೆದಿತ್ತು. ಯಾರು ಹಾಕಿದ್ದೆಂದು ಕೇಳಿದಳು, ಮಾನ್ಯಾ ಹೇಳಿದಳು. ಆಮೇಲೆ ವಿಶಾಲಾಕ್ಷಿ ಮಾಡಿದ್ದನ್ನು ನೆನೆದರೆ ಗೀತಾಳಿಗೆ ಈಗಲೂ ಮೈ ಮುಳ್ಳೇಳುತ್ತದೆ. ಗೀತಾಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ನಿನ್ನ ಕೈಗುಣ ಇಂಥದ್ದೆಂದು ಗೊತ್ತೇ ಇರಲಿಲ್ಲವಲ್ಲೇ ಎಂದು ಮುದ್ದು ಮಾಡಿದಳು. ಕೋಟುಗಳನ್ನು ಬೆಂಚಿನ ಮೇಲೆ ಎಸೆದು, ಮಾನ್ಯಾಳನ್ನು ಮಧುಶ್ರೀಯ ಹತ್ತಿರ ಕಳಿಸಿ, ಗೀತಾಳನ್ನು ಒಳಗೆ ಎಳೆದುಕೊಂಡು ಹೋದಳು.

ಮೊದಲ ಮಷಿನ್ನಿನ ಗುಂಡಿ ಒತ್ತಿಸಿದಳು, ಗೆಲುವು ಬಂತು. ಎರಡನೆಯದಕ್ಕೂ ಅಷ್ಟಿಷ್ಟು ಬಂತು. ಶ್ರೀಕಂಠನವರೂ ನಾಚಿಕೆ ಬಿಟ್ಟು, ಇಲ್ಲೊಂದು ಸಲ ಮುಟ್ಟಿ ಕೊಡಿ ಎಂದು ಕರೆದರು. ಸಂತೆಯಲ್ಲಿ ಕೋಲೆಬಸವನನ್ನು ಅಂಗಡಿಯಿಂದ ಅಂಗಡಿಗೆ ನಡೆಸುವ ಹಾಗೆ ನಡೆಸಿದರು. ವಿಶಾಲಾಕ್ಷಿಯ ಅಂಗೈ ಬೆವರಿ ಅಂಟಂಟಾಗಿತ್ತು, ಆದರೂ ಅವಳು ಗೀತಾಳ ಮಣಿಕಟ್ಟು ಬಿಡಲಿಲ್ಲ. ಡೋನಲ್ಲನ ಹಾಸಿಗೆ ಇದಕ್ಕಿಂತ ಎಷ್ಟೋ ಶುದ್ಧ ಎನ್ನಿಸಿತು ಗೀತಾಳಿಗೆ.

ಆದರೂ ಕೇಳಲು ಬಂದವಳಲ್ಲವೇ, ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದು ಅಲ್ಲೇ ಬಾಯಿಬಿಟ್ಟಳು. “ಅಕ್ಕ, ಮಧುಗೆ ಧಾರೆ ನಾನೇ ಎರೀತೀನಿ. ನೀವು ಬೇಡ ಅನ್ಬೇಡಿ.”

ವಿಶಾಲಾಕ್ಷಿ ತೆರೆಯಿಂದ ಕಣ್ಣು ಕೀಳಲಿಲ್ಲ. “ಅದು ಬೇರೆ ಗೀತಾ. ಅದು ಮಂಗಳಕಾರ್ಯ. ಅವಳೂ ಮುತ್ತೈದೆಯಾಗಿ ಬಾಳಬೇಕಲ್ವಾ? ಹೂಂ, ಒತ್ತು.”

ಥೂ, ಇವರ ಜನ್ಮಕ್ಕಿಷ್ಟು! ನಾಲ್ಕು ವರ್ಷ ತಲೆಬಾಗಿಸಿ ನಡೆದದ್ದು ಇವರಿಗಾಗಿಯೇ? ಗೀತಾ ಮಣಿಕಟ್ಟನ್ನು ಕೊಸರಿ ಬಿಡಿಸಿಕೊಂಡಳು.

“ಮಗಳಿಗೆ ಆಗದ ಕೈ ನಿಮಗೂ ಬೇಡ ಅಕ್ಕ,” ಎಂದಳು. ಶೌಚಾಲಯಕ್ಕೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು.

ವಾಪಸು ಬರುವಾಗ ಫೆರಿಯಲ್ಲಿ ವಿಶಾಲಾಕ್ಷಿ ಕಾರಿನಿಂದ ಇಳಿಯಲೇ ಇಲ್ಲ. ಶ್ರೀಕಂಠನವರು ಬಂದು, ಹೀಗಾದರೆ ತಾವು ಮದುವೆಗೆ ಬರುವುದೇ ಕಷ್ಟ ಎಂದು ಗೊಣಗಿದರು. ಬನ್ನಿ, ಊಟ ಮಾಡಿ, ಅಕ್ಷತೆ ಹಾಕಿ ಹೋಗಿ ಎಂದಳು ಗೀತಾ. ಹೇಳಿದ್ದು ಗಟ್ಟಿಯಾಗಿಯೇ, ಆದರೆ ಆ ಮನೆಯ ಬಾಗಿಲು ಮುಚ್ಚಿದ್ದು ಅವಳಿಗೆ ತಿಳಿದಿತ್ತು, ಸಂಕಟವೂ ಆಯಿತು.

ಅವರು ಅತ್ತ ಹೋದ ಮೇಲೆ ಮಧುಶ್ರೀ ಬಂದು ಪಕ್ಕದಲ್ಲಿ ನಿಂತಳು. ಗೀತಾ ನಡೆದದ್ದನ್ನೆಲ್ಲ ಹೇಳಿದಳು. ಮಗಳು ರೇಗುತ್ತಾಳೆ, ತನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದಳು.

“ಅಮ್ಮ, ದೊಡ್ಡಮ್ಮ ಫಸ್ಟ್ ನನ್ನನ್ನೇ ಕೇಳಿದ್ರು. ನೀವೇ ಮಾಡಿ ಅಂತ ನಾನೇ ಅಂದೆ. ಏನಾದ್ರೂ ಆಗಿಬಿಟ್ರೆ ಅಂತ ಭಯ ಆಯ್ತಮ್ಮ. ಆಕಾಶ್‌ಗೆ.”

ಒಳಗೆ ಅಷ್ಟು ಹೊತ್ತೂ ಉಕ್ಕುತ್ತಿದ್ದ ಹೇಸಿಗೆ ಈಗಲೂ ಉಕ್ಕಬೇಕಿತ್ತು. ಗೀತಾ ಅದಕ್ಕಾಗಿ ಕಾದಳು. ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು. ತಾನು ಹೆತ್ತು, ಸಾಕಿ, ಇಂಜಿನಿಯರ್ ಮಾಡಿದ ಹುಡುಗಿ ಗಾಳಿಗೆ ಮೂಗು ಕೆಂಪು ಮಾಡಿಕೊಂಡು ಅಮ್ಮನ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ನಿಜವಾಗಿಯೂ ಭಯವಿತ್ತು.

ಈಚೆ ದಡ ಹತ್ತಿರವಾಯಿತು. ಜನ ಕಾರು ಹತ್ತತೊಡಗಿದರು.

“ಧಾರೆ ನಾನೇ ಎರೆಯೋದು,” ಎಂದಳು ಗೀತಾ. “ಭಯ ಆದ್ರೆ ಕಣ್ಮುಚ್ಕೊಂಡು ಕೂತ್ಕೋ.”